ಧರಣಿ ಏನೆಂದಳು?

ಇಷ್ಟಕ್ಕೆಲ್ಲ ಕಾರಣ ಕಿವಿಗೆ ತುರುಕಿಕೊಂಡ ಒಂದು ಜೊತೆ ಇಯರ್‌ಫೋನು.

ತಮಿಳು ಸೀಮೆಯ ಸೋಮನೂರಿನ ಮಗ್ಗದ ಬೀದಿಯಲ್ಲಿ ತಿರುಮೂರ್ತಿಯ ಮನೆ. ಆ ಶನಿವಾರ ಬೆಳಗ್ಗೆ ಅವನು ಒಂದೇ ಹೊತ್ತಿಗೆ ಎರಡು ಕೆಲಸಕ್ಕೆ ಕೈಹಾಕಿದ್ದ. ಕಿವಿಯನ್ನು ಕಾಲೇಜಿನ ಆನ್‌ಲೈನ್ ಮೀಟಿಂಗಿಗೆ ಕೊಟ್ಟಿದ್ದ. ಕೈಯಲ್ಲಿ ಒಂದು ಚಿತ್ರದ ಕಾರ್ಡನ್ನು ಮಗಳ ಮುಖದ ಮುಂದೆ ಹಿಡಿದಿದ್ದ. ಕಾರ್ಡಿನಲ್ಲಿದ್ದುದು ಅವನದೇ ಫೋಟೊ. ತನ್ನ ಮೈಕು ಮುಚ್ಚಿಕೊಂಡು, "ಅಪ್ಪಾ ಅನ್ನು ಕಣ್ಣು, ಅಪ್ಪಾ ಅನ್ನು" ಎಂದು ತಮಿಳಿನಲ್ಲಿ ಗೋಗರೆಯುತ್ತಿದ್ದ.

ಮಗಳು ಧರಣಿಗೆ ಆರು ವರ್ಷ. ಆಟಿಸಂ ಇರುವ ಮಗು. ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ನೂಲಿನ ಕೋನುಗಳನ್ನು ಬಣ್ಣದ ಪ್ರಕಾರ ಸಾಲಾಗಿ ನಿಲ್ಲಿಸುವುದೆಂದರೆ ಅವಳಿಗೆ ಪ್ರಾಣ. ತಿರುಮೂರ್ತಿಗೆ ಕಾರು ಬೇಡ, ಬಡ್ತಿ ಬೇಡ. ಆ ಬಾಯಿಂದ ಒಂದೇ ಒಂದು ಮಾತು ಕೇಳಬೇಕು. ಅದು 'ಅಪ್ಪ' ಆಗಿದ್ದರೆ ಇನ್ನೂ ಒಳ್ಳೆಯದು. ಇದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ.

ಅವನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಮಾಹಿತಿಯನ್ನು ಹಂಚಿ ಕಾಪಾಡುವುದು ಅವನ ಸಂಶೋಧನೆ. ಒಂದು ಸಂಗತಿಯನ್ನು ತುಂಡು ಮಾಡಿ ನಾಲ್ಕು ಮನೆಯಲ್ಲಿ ಇಟ್ಟರೆ, ಒಂದು ಮನೆಗೆ ಬೆಂಕಿ ಬಿದ್ದರೂ ಉಳಿದ ಮನೆಗಳಿಂದ ಪೂರ್ತಿ ಸಂಗತಿಯನ್ನು ಎತ್ತಿಕೊಳ್ಳಬಹುದಂತೆ. ಕಂಪ್ಯೂಟರಿಗೆ ಇದೆಲ್ಲ ಸರಿಯೇ. ಆದರೆ ತಿರುಮೂರ್ತಿ ಈ ವಿದ್ಯೆಯನ್ನು ಮನೆಯೊಳಕ್ಕೂ ತಂದ. ಒಂದೇ ತಂತಿಯಲ್ಲಿ ಎರಡು ಸಂಕೇತ ಹರಿದರೆ ಗೊಂದಲ, ಮಗುವಿನ ಕಿವಿಗೂ ಹಾಗೆಯೇ ಎಂದು ತಾನೇ ತೀರ್ಮಾನಿಸಿದ. ತಲೆತಲಾಂತರದಿಂದ ಕನ್ನಡವಾಡುತ್ತಿದ್ದ ಮನೆಯಲ್ಲಿ ವರ್ಷದ ಹಿಂದೆ ಕನ್ನಡ ಬಂದ್ ಆಗಿ ಬೀದಿಯ ತಮಿಳು ಮಾತ್ರ ಉಳಿಯಿತು. ಧರಣಿಗೆ ಮಾತಿನ ತರಬೇತಿ ಕೊಡುವ ಟೀಚರಮ್ಮ, "ಮನಸ್ಸಿಗೆ ಹತ್ತಿರವಾದ ಭಾಷೆ ಯಾವುದೋ ಅದರಲ್ಲೇ ಮಾತಾಡಿಸಿ ಸಾರ್" ಎಂದು ಎರಡು ಸಲ ಹೇಳಿದ್ದಳು. ಅವಳೇನು ಪಿಎಚ್‌ಡಿ ಮಾಡಿದ್ದಾಳೆಯೇ ಎಂದು ಇವನು ನಕ್ಕಿದ್ದ. ಅಂದಿನಿಂದ ಗಂಡ ಹೆಂಡತಿ ಜಗಳವಾಡಬೇಕಾದರೂ ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿ, ಕನ್ನಡದಲ್ಲಿ ಜಗಳವಾಡಿ ಬರುತ್ತಿದ್ದರು. ತಾಯಿ ಸಾಮಿಯಾತಾಳ್ ಮೊಮ್ಮಗಳ ಜೊತೆ ತಮಿಳಾಡುತ್ತಾ, ಹಿತ್ತಿಲಿನ ಆಡಿನ ಜೊತೆ ಕನ್ನಡವಾಡುತ್ತಾ ದಿನ ನೂಕುತ್ತಿದ್ದಳು.

ಆ ಬೆಳಗ್ಗೆ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಧರಣಿ ಕಾರ್ಡನ್ನು ಕೈಯಿಂದ ತಳ್ಳಿದಳು. ಅವಳ ತುಟಿ ಅಲುಗಿತು. ಏನೋ ಹೇಳಿದಳು!

ತಿರುಮೂರ್ತಿ ಅದನ್ನು ಕಣ್ಣಾರೆ ಕಂಡ. ಕಿವಿಯಲ್ಲಿ ಮಾತ್ರ ವಿಭಾಗದ ಮುಖ್ಯಸ್ಥ ದೇವರಾಜನ್, "ಆಟಿಸಂ ನೆರವಿನ ಯೋಜನೆಗೆ ನಮ್ಮ ವಿಭಾಗ ಏನು ಮಾಡಿದೆ?" ಎಂದು ಗುಡುಗುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದ ಮಾತು ಕಿವಿಗೆ ಬರಲಿಲ್ಲ. ಇಯರ್‌ಫೋನು ಕಿತ್ತೆಸೆದು, "ಇನ್ನೊಂದು ಸಲ! ಇನ್ನೊಂದು ಸಲ ಹೇಳು ಕಣ್ಣು!" ಎಂದು ಕೂಗಿದ. ಧರಣಿ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿದಳು.

ಗಾಬರಿಯಲ್ಲಿ ಅವನು ಮೈಕು ತೆರೆದು, "ಸಾರ್, ನನ್ನ ಮಗಳು ಮಾತಾಡಿದಳು!" ಎಂದುಬಿಟ್ಟ.

"ಭೇಷ್! ಏನಂದಳು?"

"ಅದೇ ಗೊತ್ತಾಗಲಿಲ್ಲ ಸಾರ್."

"ನೀವು ವರದಿ ಬರೆದುಕೊಟ್ಟ ಒಂದೇ ಭಾಷೆಯ ವಿಧಾನ ಗೆದ್ದಿತು ಅನ್ನಿ. ರೆಕಾರ್ಡರ್ ತರುತ್ತೇನೆ. ಮಗುವನ್ನು ಸಿದ್ಧವಾಗಿಡಿ" ಎಂದು ಮೀಟಿಂಗು ಮುಗಿಸಿದರು.

ತಿರುಮೂರ್ತಿ ಬಚ್ಚಲುಮನೆಗೆ ಓಡಿ ಹೆಂಡತಿಗೆ ಫೋನು ಮಾಡಿದ. ನಿವೇತಾಗೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ.

"ಮಾತಾಡ್ತಾ? ಏನಂತು ನಮ್ಮ ಕಣ್ಣು?"

"ನಂಗೆ ಕೇಳ್ಸ್ಲಿಲ್ಲ."

"ಎದುರಲ್ಲೇ ಕೂತಿದ್ರಿ ಅಲ್ವಾ?"

"ಕಿವೀಲಿ ಇಯರ್‌ಫೋನು ಇತ್ತು."

"ಯಾರ್ಗಾದ್ರೂ ಕೇಳ್ಸಿರ್ತದೆ, ವಿಚಾರ್ಸಿ" ಎಂದಳು. ಬೈದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ವಿಚಾರಿಸಿ ಎಂದಾಗ ಅವನಿಗೆ ತನ್ನ ವಿದ್ಯೆ ನೆನಪಾಯಿತು. ಮಗ್ಗ ನಿಂತಿದ್ದ ಹೊತ್ತು. ಮಾತು ನಾಲ್ಕು ಮನೆಗೆ ಹಂಚಿಹೋಗಿರಲೇಬೇಕು. ತುಂಡುಗಳನ್ನು ಕೂಡಿಸಿದರಾಯಿತು! ಬೀದಿಗೆ ಹೊರಟ. ಅಲ್ಲಿ ನಡೆದ ಮಾತೆಲ್ಲ ತಮಿಳಿನಲ್ಲಿ; ನಿಮ್ಮ ಅನುಕೂಲಕ್ಕೆ ಕನ್ನಡ ಮಾಡಿ ಹೇಳುತ್ತೇನೆ.

ಕಿಟಕಿಯ ಕೆಳಗೇ ನಿಂತು ಹಲ್ಲುಜ್ಜುತ್ತಿದ್ದವನು ಪಕ್ಕದ ಮನೆಯ ಶಣ್ಮುಗಂ. ಹಳೇ ಗೋಣಿಚೀಲದ ವ್ಯಾಪಾರಿ. "ಸ್ಪಷ್ಟವಾಗಿ ಕೇಳಿಸಿತು ತಂಬಿ. ಪಾಪು ಗೋಣಿ ಕೇಳಿತು."

"ಗೋಣಿಯಾ? ಯಾಕೆ?"

"ಮಕ್ಕಳ ಆಸೆಗೆ ಯಾಕೆ ಅಂತ ಕೇಳ್ತಾರಾ? ಮೊದಲ ಸಲ ಬಾಯಿಬಿಟ್ಟು ಕೇಳಿದೆ, ನಾನು ಇಲ್ಲ ಅಂತೀನಾ?" ಎಂದವನೇ ಬಾಯಿಯ ನೊರೆಯನ್ನೂ ತೊಳೆಯದೆ ಗೋಡೌನಿಗೆ ಓಡಿದ.

ಎದುರುಮನೆಯ ಸುಶೀಲ ಟ್ಯೂಷನ್ ಹೇಳುವವಳು. ಗೋಣಿಯ ಮಾತು ಕೇಳಿ ಕೈ ಕೊಡವಿದಳು. "ಅವರು ವ್ಯಾಪಾರದ ಬುದ್ಧಿ ತೋರಿಸಿದರು. ಮಗು ಕೇಳಿದ್ದು ಸೀಮೆಸುಣ್ಣ. ಬರೆಯೋಕೆ ಆಸೆ ಅದಕ್ಕೆ." ಅವಳೂ ಒಂದು ಡಬ್ಬಿ ಸೀಮೆಸುಣ್ಣ ಹಿಡಿದು ಇವನ ಹಿಂದೆ ಹೊರಟಳು.

ಮಗ್ಗದ ಶೆಡ್ಡಿನ ಕಾಳಿಯಪ್ಪನ್‌ಗೆ ಮೂವತ್ತು ವರ್ಷದ ಮಗ್ಗದ ಸದ್ದಿಗೆ ಕಿವಿ ಮಂದ. ಮಾತಿನ ಬಾಲ ಮಾತ್ರ ಸಿಕ್ಕಿತ್ತು. "ಕೂ ಅಂತು. ಮಗು ಕೋಗಿಲೆ ಹಾಗೆ ಕೂಗಿತು. ಹಿಂಗೆ" ಎಂದು ತಾನೇ ಕೂಗಿ ತೋರಿಸಿದ. ಬೀದಿನಾಯಿ ಎದ್ದು ಓಡಿತು.

ಗೋಣಿ, ಸೀಮೆಸುಣ್ಣ, ಕೋಗಿಲೆ. ತಿರುಮೂರ್ತಿ ಮೂರನ್ನೂ ತಲೆಯಲ್ಲಿ ಹಾಕಿ ಅರೆದ. ಅವನ ಸಿದ್ಧಾಂತದ ಪ್ರಕಾರ ಮೂರು ತುಂಡು ಸಿಕ್ಕರೆ ಧಾರಾಳವಾಯಿತು. ಆದರೆ ಹೇಗೆ ಜೋಡಿಸಿದರೂ ಅದು ಅಪ್ಪ ಆಗಲಿಲ್ಲ.

ಅಕ್ಕಪಕ್ಕದವರಿಗೆ ಅಷ್ಟು ಕಷ್ಟವಾಗಲಿಲ್ಲ. "ಗೋಣಿ ಹಾಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಕೋಗಿಲೆ ಬರೀಬೇಕಂತೆ ಮಗುವಿಗೆ!" ಎಂದು ಸುಶೀಲಳೇ ಕೂಡಿಸಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ನಡುಮನೆಯ ತುಂಬ ಗೋಣಿ ಹಾಸಿತ್ತು. ಅದರ ಮೇಲೆ ಸುಶೀಲ ಬರೆದ ಕೋಗಿಲೆ ಕೋಳಿಯಂತೆ ಕಾಣುತ್ತಿತ್ತು. ಕಾಳಿಯಪ್ಪನ್ ಮೂಲೆಯಲ್ಲಿ ನಿಂತು ಕೂ ಕೂ ಎನ್ನುತ್ತಿದ್ದ. ಗೋಣಿಯ ದೂಳಿಗೆ ಎಲ್ಲರೂ ಸೀನುತ್ತಿದ್ದರು. ಮೇಜಿನ ಕೆಳಗೆ ಧರಣಿ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಅವಳಿಗೆ ತಡೆಯಲಾಗದಾಗ ಹಾಗೆ ತೂಗುತ್ತಾಳೆಂದು ತಿರುಮೂರ್ತಿಗೆ ಗೊತ್ತು. ಎಲ್ಲರನ್ನೂ ಕಳಿಸಬೇಕೆಂದು ಅವನಿಗೆ ಅನ್ನಿಸಿತು. ಆದರೆ ಇನ್ನೊಂದು ಸಲ ಹೇಳಿಬಿಟ್ಟರೆ ಎಂಬ ಆಸೆಯೂ ಇತ್ತಲ್ಲ, ಅದು ಬಿಡಲಿಲ್ಲ.

ಅಷ್ಟರಲ್ಲಿ ದೇವರಾಜನ್ ರೆಕಾರ್ಡರ್ ಸಮೇತ ಬಂದರು. ನೆಲಕ್ಕೆ ಬಾಗಿ ಮೈಕನ್ನು ಮೇಜಿನ ಕೆಳಗೆ ಚಾಚಿದರು. "ಎಲ್ಲಿ, ಎಲ್ಲರೂ ಸೇರಿ ಮಗುವಿಗೆ ಹುರುಪು ಕೊಡಿ. ಹೇಳು ಪಾಪು!"

"ಹೇಳು ಪಾಪು!" ಎಂದಿತು ಮನೆಯೆಲ್ಲ.

ಧರಣಿ ತೂಗುವುದನ್ನು ನಿಲ್ಲಿಸಿದಳು. ನೇರವಾಗಿ ತಂದೆಯ ಕಡೆ ನೋಡಿದಳು. ಹೇಳಿದಳು:

"ಸಾಕು."

ಮನೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. "ನಾನು ಹೇಳಲಿಲ್ವಾ? ಗೋಣಿ!" ಎಂದು ಶಣ್ಮುಗಂ ಕುಣಿದ. ತಮಿಳಿನಲ್ಲಿ ಗೋಣಿಗೆ ಸಾಕ್ಕು ಎನ್ನುತ್ತಾರೆ. ಬೆಳಗ್ಗೆಯಿಂದ ಅವನು ಹೇಳುತ್ತಿದ್ದುದು ಅದನ್ನೇ. ಸುಶೀಲಳ ಸೀಮೆಸುಣ್ಣ ಅಂದರೆ ಇಂಗ್ಲಿಷಿನ ಚಾಕ್, ತಮಿಳರ ಬಾಯಲ್ಲಿ ಚಾಕ್ಕು. ನಾನು ಕನ್ನಡ ಮಾಡಿ ಹೇಳಿದ್ದರಿಂದ ನಿಮಗೆ ಹೊಳೆಯಲಿಲ್ಲ, ಸರಿ. ಕನ್ನಡದಲ್ಲೇ ಹುಟ್ಟಿ ಬೆಳೆದ ತಿರುಮೂರ್ತಿಗೆ ಯಾಕೆ ಹೊಳೆಯಲಿಲ್ಲ? ಪಾಪ, ಬೀಗ ಹಾಕಿದ ಕೋಣೆಯಲ್ಲಿ ಯಾರು ಹುಡುಕುತ್ತಾರೆ!

ಈಗ ಹೊಳೆಯಿತು. ಊಟ ಮಾಡಿಸುವಾಗ ಅವನ ತಾಯಿ ಪ್ರತಿ ತುತ್ತಿಗೂ ಕೇಳುತ್ತಿದ್ದ ಮಾತದು: "ಸಾಕಾ ಕಣ್ಣು?" ವರ್ಷದ ಹಿಂದೆ ಇವನೇ ನಿಲ್ಲಿಸಿದ್ದು. ಮಗು ಅದನ್ನು ಎಲ್ಲೋ ಜೋಪಾನವಾಗಿ ಇಟ್ಟುಕೊಂಡಿತ್ತು. ಕೊನೆಗೂ ತಂದೆಗೆ ಒಂದು ಮಾತು ಹೇಳಿತ್ತು. ಅದು ಅಪ್ಪ ಅಲ್ಲ, ಸಾಕು ಮಾಡು ಎಂದು. ತಿರುಮೂರ್ತಿಗೆ ನಾಚಿಕೆ, ಸಂಕಟ ಎರಡೂ ಒಟ್ಟಿಗೆ ಉಕ್ಕಿ ಬಂದವು. ಎದ್ದು ನಿಂತು ಎರಡೂ ಕೈಯೆತ್ತಿ ಕೂಗಿದ: "ಸಾಕು! ಸಾಕು! ಸಾಕು!"

"ಅಪ್ಪನಿಗೂ ಬೇಕಂತೆ, ಇನ್ನೂ ಮೂರು!" ಎಂದು ಶಣ್ಮುಗಂ ಮತ್ತೆ ಗೋಡೌನಿಗೆ ಓಡಿದ.

"ಸಾರ್, ಅದು ಕನ್ನಡ" ಎಂದು ತಿರುಮೂರ್ತಿ ದೇವರಾಜನ್‌ರ ಕೈ ಹಿಡಿದುಕೊಂಡ. "ನಿಲ್ಲಿಸಿ ಅಂತ ಅರ್ಥ. ಅವಳು ಗೋಣಿ ಕೇಳಲಿಲ್ಲ. ನನ್ನ ವಿಧಾನವೇ ತಪ್ಪು ಸಾರ್."

ದೇವರಾಜನ್ ಅವನ ಬೆನ್ನು ತಟ್ಟಿದರು. "ಸಂತೋಷಕ್ಕೆ ನಿಮಗೆ ತಲೆ ತಿರುಗಿದೆ. ಈ ಮನೆಯಲ್ಲಿ ಒಂದು ವರ್ಷದಿಂದ ಒಂದಕ್ಷರ ಕನ್ನಡ ಆಡಿಲ್ಲ ಅಂತ ವರದಿಯಲ್ಲಿ ಬರೆದವರು ನೀವೇ ತಾನೇ? ಮತ್ತೆ ಕನ್ನಡ ಎಲ್ಲಿಂದ ಬರುತ್ತೆ? ಸೋಮವಾರದಿಂದ ಎರಡನೇ ಪದ ಶುರು ಮಾಡಿ." ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುವ ಹೊತ್ತಿಗೆ ಸಂಜೆಯಾಗಿತ್ತು. ಅವನು ಮೇಜಿನ ಪಕ್ಕ ನೆಲದ ಮೇಲೆ ಕೂತು, ಕಾರ್ಡುಗಳನ್ನು ಹಿಂದಕ್ಕೆ ಸರಿಸಿ, ಮೆಲ್ಲಗೆ, "ಸಾಕು ಕಣ್ಣು. ಇನ್ನು ಕೇಳಲ್ಲ" ಎಂದ. ಮಗಳ ಜೊತೆ ಒಂದು ವರ್ಷದ ಮೇಲೆ ಆಡಿದ ಕನ್ನಡ, ನಾಲಿಗೆಗೆ ಹೊಸದೆನ್ನಿಸಿತು. ಧರಣಿ ಕಿವಿಯ ಮೇಲಿನ ಕೈ ತೆಗೆದಳು.

ಕಿಣತ್ತುಕಡವಿನ ಮಗಳ ಮನೆಗೆ ಹೋಗಿದ್ದ ಸಾಮಿಯಾತಾಳ್ ಬಂದಳು. ಸುದ್ದಿ ಬೀದಿಯಲ್ಲೇ ಸಿಕ್ಕಿತ್ತು, ಕಣ್ಣು ಒದ್ದೆಯಾಗಿತ್ತು. "ಸಾಕ್ಕು ಅಂತಂತೆ ನನ್ನ ಬಂಗಾರ!" ಎಂದಳು ತಮಿಳಿನಲ್ಲೇ.

"ಅವ್ವಾ, ಅದು ತಮಿಳಲ್ಲ" ಎಂದ ತಿರುಮೂರ್ತಿ ಕನ್ನಡದಲ್ಲಿ. "ನಿನ್ನ ಮಾತು ಅದು. ಸಾಕಾ ಅಂತ ಕೇಳ್ತಿದ್ದಲ್ಲ, ಅದೇ. ತಪ್ಪು ನಂದು. ಇನ್ಮೇಲೆ ನೀನು ಕನ್ನಡದಲ್ಲೇ ಮಾತಾಡ್ಸವ್ವ ಅವಳ್ನ."

ಮುದುಕಿ ಗಾಬರಿಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಮಗನ ತೋಳು ಹಿಡಿದು ಬಚ್ಚಲುಮನೆಗೆ ಎಳೆದುಕೊಂಡು ಹೋದಳು. ನಲ್ಲಿ ತಿರುಗಿಸಿ ಪಿಸುಗುಟ್ಟಿದಳು:

"ನನ್ನ ಸಮಾದಾನಕ್ಕೆ ಸುಳ್ಳು ಹೇಳ್ಬ್ಯಾಡ ಸಾಮಿ. ನನ್ನ ಮಾತು ಕೇಳಿ ಕೇಳಿಯೇ ಮಗು ಬಾಯಿ ಬಿಡ್ಲಿಲ್ಲ ಅಂತ ನೀನೇ ಹೇಳಿದ್ದು. ವರ್ಷವೆಲ್ಲ ನಾಲಿಗೆ ಕಚ್ಕೊಂಡಿದ್ದೆ, ಇವತ್ತು ಒಂದು ಮಾತು ಬಂದದೆ. ನಾನು ಮತ್ತೆ ಬಾಯಿ ತೆಗೆದು ಅದನ್ನೂ ಕೆಡಿಸ್ಲಾ? ಆಗಲ್ಲಪ್ಪ. ಸಾಯೋತನ್ಕ ಅವಳ ಹತ್ರ ಕನ್ನಡ ಆಡಲ್ಲ."

ಅವನು ಏನು ಹೇಳಿದರೂ ಅವಳು ನಂಬಲಿಲ್ಲ. ಹೊರಗೆ ಬಂದು ಮೊಮ್ಮಗಳ ಪಕ್ಕದಲ್ಲಿ ಕೂತು, ಒಂದು ಗೋಣಿಯನ್ನು ನೀಟಾಗಿ ಮಡಿಸಿ ಅವಳ ಮುಂದಿಟ್ಟು, ತಮಿಳಿನಲ್ಲಿ, "ಇನ್ನೊಂದು ಬೇಕಾ ಕಣ್ಣು?" ಎಂದು ಕೇಳಿದಳು.