ಅಳತೆ ಬ್ಲೌಸೂ ನನ್ನ ಟೈಪ್‌ಸ್ಕ್ರಿಪ್ಟೂ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನನ್ನ ಹೆಂಡತಿ ಹೇಮಾಳ ಬ್ಲೌಸ್ ಹೊಲಿಯುವ ಅಂಗಡಿಯಿದೆ. ಆರ್ಡರ್ ಬರೆದುಕೊಳ್ಳಲು ಅಲ್ಲಿಗೊಂದು ವೆಬ್ ಪುಟ ಮಾಡಿಕೊಟ್ಟ ಮಹಾನುಭಾವ ನಾನೇ. ಹೇಮಾ ಫೋನಿನಲ್ಲಿ ಅಳತೆ ತುಂಬುತ್ತಾಳೆ. ಶಿವಾಜಿನಗರದಿಂದ ಬರುವ ಕಟಿಂಗ್ ಮಾಸ್ಟರ್ ಜಮೀಲ್ ಭಾಯ್ ಅದನ್ನು ಟ್ಯಾಬ್‌ನಲ್ಲಿ ನೋಡಿ ಬಟ್ಟೆ ಕತ್ತರಿಸುತ್ತಾರೆ. ವರ್ಷಗಳಿಂದ ಒಂದು ತಕರಾರಿಲ್ಲದೆ ನಡೆಯುತ್ತಿತ್ತು. ತಕರಾರಿಲ್ಲದೆ ನಡೆಯುವುದನ್ನು ರಿಪೇರಿ ಮಾಡುವುದು ನನ್ನ ಜಾಯಮಾನ!

ತಪ್ಪು ನನ್ನೊಬ್ಬನದೇ ಅಲ್ಲ, ಆಫೀಸಿನದೂ ಇದೆ ಎಂದು ಈಗಲೂ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಸಿ.ವಿ. ರಾಮನ್ ನಗರದ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರೂ ಟೈಪ್‌ಸ್ಕ್ರಿಪ್ಟಿಗೆ ಹಾರಿದ್ದರು, ನಾನೊಬ್ಬ ಹಳೆಯ ಜಾವಾಸ್ಕ್ರಿಪ್ಟಿಗೆ ಜೋತುಬಿದ್ದಿದ್ದೆ. ಟೈಪ್‌ಸ್ಕ್ರಿಪ್ಟ್ ಎಂದರೆ ಇಷ್ಟೇ. ಪುಟದಲ್ಲಿ ಅಳತೆ ತುಂಬುವ ಒಂದೊಂದು ಚೌಕಕ್ಕೂ, ತೋಳಿನ ಡಬ್ಬಿ, ಕತ್ತಿನ ಡಬ್ಬಿ, ಸುತ್ತಳತೆಯ ಡಬ್ಬಿ ಎಲ್ಲಕ್ಕೂ, ಇದರೊಳಗೆ ಬರುವುದು ಅಂಕಿ, ಇದರೊಳಗೆ ಬರುವುದು ಅಕ್ಷರ ಎಂದು ಮೊದಲೇ ಕರಾರು ಬರೆದಿಡಬೇಕು. ಕರಾರು ತಪ್ಪಿದರೆ ಕೋಡಿನ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಕೈ ಪಳಗಲಿ ಎಂದು ಹೇಮಾಳ ಪುಟದ ಮೇಲೇ ಪ್ರಯೋಗಕ್ಕಿಳಿದೆ.

ಶುರು ಮಾಡಿದ್ದೇ ತಡ, ಪರದೆಯ ತುಂಬ ಕೆಂಪು ಗೆರೆ! ಮೊದಲು ಎಲ್ಲ ಡಬ್ಬಿಗೂ ‘ಏನು ಬೇಕಾದರೂ ಬರಲಿ’ ಎಂದು ಕರಾರು ಬರೆದೆ. ಗೆರೆಗಳು ಮಾಯವಾದವು, ಜೊತೆಗೆ ನನ್ನ ಮರ್ಯಾದೆಯೂ. ಅದು ಕಳ್ಳದಾರಿ ಎಂದು ಆಫೀಸಿನ ಚಿಕ್ಕ ಹುಡುಗರಿಗೂ ಗೊತ್ತು. ಅದನ್ನು ಅಳಿಸಿ, ಶಿಸ್ತಿನ ಸಿಪಾಯಿಯಾಗಿ, ಅಳತೆ ಎಂದರೆ ಅಂಕಿ ಮಾತ್ರ ಎಂದು ಆಜ್ಞೆ ಹೊರಡಿಸಿದೆ. ಆಗ ಕಂಪ್ಯೂಟರ್ ಹೊಸ ಕೊಂಕು ತೆಗೆಯಿತು. ಒಂದು ವೇಳೆ ಅಂಕಿ ಸಿಗದೇ ಹೋದರೆ ಏನು ತೋರಿಸಲಿ ಎಂದು ಕೇಳಿತು. ಅಳತೆ ಇಲ್ಲದೆ ಯಾರಾದರೂ ಬ್ಲೌಸ್ ಹೊಲಿಸುತ್ತಾರೆಯೇ! ಆದರೂ ಅದರ ಬಾಯಿ ಮುಚ್ಚಿಸಬೇಕಲ್ಲ. ಪರೀಕ್ಷೆಗೆಂದು ಹಿಂದೆ ಹಾಕಿಟ್ಟುಕೊಂಡಿದ್ದ ಹೇಮಾಳ ಅಳತೆ ಕೈಗೆ ಸಿಕ್ಕಿತು. ಅಂಕಿ ಸಿಗದಿದ್ದರೆ ಅದನ್ನು ತೋರಿಸು ಎಂದು ಬರೆದೆ. ಒಂದೂ ಕೆಂಪು ಗೆರೆ ಉಳಿಯಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಅಂಗಡಿಯ ಅರ್ಧ ಡಬ್ಬಿಗಳಲ್ಲಿ ಅಂಕಿಯೇ ಇರುತ್ತಿರಲಿಲ್ಲ! ಹೆಂಗಸರು ತಮಗೆ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಹೊಸ ಬಟ್ಟೆಯ ಜೊತೆಗೆ ತಂದುಕೊಡುತ್ತಾರೆ. ಅದೇ ಅಳತೆ ಬ್ಲೌಸು. ಹೇಮಾ ಡಬ್ಬಿಯಲ್ಲಿ ‘ಅಳತೆ ಬ್ಲೌಸ್ ಇದೆ’ ಎಂದೋ ‘ಮೊದಲಿನ ಹಾಗೆ, ಸ್ವಲ್ಪ ಲೂಸು’ ಎಂದೋ ಬರೆದುಬಿಡುತ್ತಾಳೆ. ಜಮೀಲ್ ಭಾಯ್ ಅದನ್ನು ಓದಿ, ಚೀಲದಿಂದ ಹಳೆಯದನ್ನು ತೆಗೆದು, ಅದರ ಮೇಲೆಯೇ ಕತ್ತರಿಸುತ್ತಾರೆ. ಹೊಲಿಯುವವಳ ಗಂಡನಾಗಿ ಇಷ್ಟು ವರ್ಷ ಇದ್ದೂ ನಾನು ಇದನ್ನು ಕೇಳಿ ತಿಳಿದುಕೊಂಡಿರಲಿಲ್ಲ.

ಆ ವಾರವೇ ಹಲಸೂರಿನ ವಿಜಯಮ್ಮನವರು ಮಗಳು ಕಾವ್ಯಾಳ ಮದುವೆಯ ರೇಷ್ಮೆ ಬ್ಲೌಸುಗಳನ್ನು ಹೊಲಿಯಲು ಕೊಟ್ಟುಹೋಗಿದ್ದರು. ಒಂದು ತಾಯಿಗೆ, ಒಂದು ಸೊಸೆಗೆ, ಒಂದು ಮದುಮಗಳಿಗೆ. ಸೀರೆಯ ಜೊತೆಯಲ್ಲೇ ನೇಯ್ದು ಬಂದ ಬಟ್ಟೆ, ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಕಾವ್ಯಾ ಕೇಳಿದ್ದು ಒಂದೇ: ತೋಳು ಮೊಣಕೈ ತನಕ ಇರಬೇಕು. ಚಿಕ್ಕವಳಿದ್ದಾಗ ಬಿಸಿ ಹಾಲು ಚೆಲ್ಲಿ ಅವಳ ಬಲತೋಳಿನ ಮೇಲೆ ದೊಡ್ಡ ಸುಟ್ಟ ಕಲೆ ಉಳಿದಿತ್ತು. ಹೇಮಾ ಅವಳ ತೋಳಿನ ಡಬ್ಬಿಯಲ್ಲಿ ‘ಮೊಣಕೈ ತನಕ’ ಎಂದೂ, ಮೂವರ ಉಳಿದ ಡಬ್ಬಿಗಳಲ್ಲಿ ಎಂದಿನಂತೆ ‘ಅಳತೆ ಬ್ಲೌಸ್ ಇದೆ’ ಎಂದೂ ಬರೆದಿದ್ದಳು.

ಹೇಮಾ ಲೈನಿಂಗ್ ತರಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದ ಹೊತ್ತಿನಲ್ಲಿ ಅಂಗಡಿಯಲ್ಲಿ ನಾನಿದ್ದೆ. ಜಮೀಲ್ ಭಾಯ್ ಟ್ಯಾಬ್ ನೋಡಿ ಕೇಳಿದರು.

“ಸಾರ್, ಮೂರಕ್ಕೂ ಒಂದೇ ಅಳತೆ ತೋರಿಸ್ತೈತೆ. ಕಟ್ ಮಾಡ್ಲಾ?”

ಈಗ ತಪ್ಪು ಬರಲು ಸಾಧ್ಯವೇ ಇಲ್ಲ, ಕಂಪ್ಯೂಟರೇ ಪರಿಶೀಲಿಸಿದೆ ಎಂದು ಒಂದು ಸಣ್ಣ ಭಾಷಣ ಬಿಗಿದೆ. ಒಂದೇ ಮನೆಯವರಲ್ಲವೇ, ಇದ್ದರೂ ಇರಬಹುದು ಎಂದು ಅವರೂ ಕತ್ತರಿ ಎತ್ತಿಕೊಂಡರು.

ಟ್ರಯಲ್ ದಿನ ವಿಜಯಮ್ಮನವರ ತೋಳು ಬ್ಲೌಸಿನೊಳಗೆ ಅರ್ಧಕ್ಕೇ ನಿಂತಿತು. ಸೊಸೆಗೆ ಹುಕ್ಕು ಕೂಡಲಿಲ್ಲ. ಕೊನೆಗೆ ಕಾವ್ಯಾ ಪರದೆ ಸರಿಸಿ ಹೊರಗೆ ಬಂದಳು. ತೋಳು ಕಲೆಗಿಂತ ಮೇಲೇ ಮುಗಿದಿತ್ತು. ಅದನ್ನು ಕೆಳಕ್ಕೆ ಎಳೆದಳು, ಮತ್ತೆ ಎಳೆದಳು, ಆಮೇಲೆ ಅಂಗೈಯಿಂದ ಮುಚ್ಚಿಕೊಂಡು ನಿಂತಳು. ಹೇಮಾ ಟ್ಯಾಬ್ ಎತ್ತಿಕೊಂಡು ಅಂಕಿಗಳನ್ನು ಓದಿದಳು.

“ಇದು ನನ್ನ ಅಳತೆ ಕಣ್ರೀ,” ಎಂದಳು ಮೆಲ್ಲಗೆ.

ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡಿರುವವನು ಜಾಣ. ನಾನು ವಿಜಯಮ್ಮನವರಿಗೆ, ಇದು ತಪ್ಪಲ್ಲ ಮೇಡಂ, ಡಿಫಾಲ್ಟ್ ವ್ಯಾಲ್ಯೂ, ಅಂಕಿ ಸಿಗದಿದ್ದಾಗ ತಾನಾಗಿ ಬರುವ ಅಳತೆ ಎಂದು ವಿವರಿಸಲು ಹೊರಟೆ!

“ನಿಮಗೆ ಹೆಣ್ಮಕ್ಕಳಿದಾರಾ?” ಎಂದು ವಿಜಯಮ್ಮ ಕೇಳಿದರು.

ಸೀರೆಯ ಒಳಸೆರಗಿನಿಂದ ಒಂದಿಷ್ಟು ಬಟ್ಟೆ ತೆಗೆದು ತೋಳಿಗೆ ಜೋಡಿಸುತ್ತೇನೆ, ಉಟ್ಟಾಗ ಕಾಣುವುದಿಲ್ಲ ಎಂದು ಹೇಮಾ ಬೇಡಿಕೊಂಡಳು. ಧಾರೆ ಸೀರೆಗೆ ಕತ್ತರಿ ಹಾಕಿಸುವುದಿಲ್ಲ ಎಂದು ವಿಜಯಮ್ಮ ಟ್ರಯಲ್‌ಗೆಂದು ತಂದಿದ್ದ ಸೀರೆಗಳನ್ನು ಮಾತ್ರ ಎತ್ತಿಕೊಂಡು ಹೊರಟರು. ಕಾವ್ಯಾ ಚಪ್ಪಲಿ ಮೆಟ್ಟುತ್ತಾ, ಇರಲಿ ಬಿಡಿ ಅಕ್ಕ ಎಂದು ಹೇಮಾಳಿಗೇ ಸಮಾಧಾನ ಹೇಳಿ ಹೋದಳು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮದುವೆಗೆ ಹೇಮಾ ಒಬ್ಬಳೇ ಹೋದಳು. ವಾಪಸು ಬಂದು, ಊಟ ಚೆನ್ನಾಗಿತ್ತು ಎಂದಳು. ನಾನು ಮೆಲ್ಲಗೆ ಕಾವ್ಯಾಳ ವಿಷಯ ಎತ್ತಿದೆ. ರೆಡಿಮೇಡ್ ಬ್ಲೌಸು ಕೊಂಡಿದ್ದರಂತೆ, ಬಣ್ಣ ಸುಮಾರಾಗಿ ಹೊಂದಿತ್ತು, ತೋಳು ಮಾತ್ರ ಗಿಡ್ಡ. ಸೆಖೆಯಲ್ಲೂ ಹುಡುಗಿ ಬಲಗಡೆಗೆ ಸೆರಗು ಹೊದ್ದುಕೊಂಡೇ ಫೋಟೋಗೆ ನಿಂತಿದ್ದಳಂತೆ. ಇಷ್ಟು ಹೇಳಿ ಹೇಮಾ ಸೀರೆ ಬದಲಾಯಿಸಲು ಒಳಗೆ ಹೋದಳು.

ಹಳೆಯ ಪುಟವನ್ನೇ ಮತ್ತೆ ಹಾಕಿಕೊಟ್ಟಿದ್ದೇನೆ. ಪ್ರಾಯಶ್ಚಿತ್ತಕ್ಕೆಂದು ಭಾನುವಾರಗಳಂದು ಅಂಗಡಿಯಲ್ಲಿ ಸೇವೆಗೆ ಕೂರುತ್ತೇನೆ. ಕತ್ತರಿ, ಟೇಪು, ಟ್ಯಾಬ್ ಯಾವುದನ್ನೂ ನನ್ನ ಕೈಗೆ ಕೊಡುವುದಿಲ್ಲ. ಅಳತೆ ಬ್ಲೌಸುಗಳನ್ನು ಮಡಚಿ, ಹೆಸರು ನೋಡಿ, ಅವರವರ ಚೀಲಕ್ಕೆ ಹಾಕುವುದಷ್ಟೇ ನನ್ನ ಕೆಲಸ. ಶ್ರದ್ಧೆಯಿಂದ ಮಾಡುತ್ತೇನೆ. ನಾನು ಮುಗಿಸಿ ಎದ್ದ ಮೇಲೆ ಹೇಮಾ ಬಂದು ಒಂದೊಂದೇ ಚೀಲ ಬಿಚ್ಚಿ ನೋಡುತ್ತಾಳೆ.