ನನ್ನ ಒಲೆಯ ಮುಂದಿನ ಅಕ್ಷರಶಾಲೆ

ರೊಟ್ಟಿ ಬಡಿಯುತ್ತಿದ್ದೆ. ಯಾದಗಿರಿಯ ದವಾಖಾನೆಯಿಂದ ನಮ್ಮವರ ಫೋನು.

"ಕಾಕಾಗ ಲಕ್ವಾ ಹೊಡದದ. ಬಲಗೈ ಎತ್ತಾಕ ಬರವಲ್ದು."

ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು. "ಜೀವಕ್ಕೇನಿಲ್ಲ ಅಲ್ರೀ?"

"ಇಲ್ಲ. ಪಲ್ಲಂಗದ ಮ್ಯಾಲಿನ ನಂಬರ್ ಸೊಟ್ಟ ಬರದಾರಂತ ಆಗಲೇ ನರ್ಸಮ್ಮಗ ಬೈಯಾಕತ್ತಾರ."

ಶಿವ ದೊಡ್ಡವನು! ಬೈಯುವಷ್ಟಾದರೂ ಉಳಿಸಿದ್ದಾನೆ.

ಅಕ್ಷರ ತಿದ್ದಿಸಲು ಜೋಳದ ಹಿಟ್ಟು ಕೇಳುವ ಮಾಸ್ತರರನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿದ್ದಾರೆ. ನಮ್ಮವರ ಕಾಕಾ, ನನಗೆ ಸಣ್ಣ ಮಾವ. ಶಾಲೆಯಿಂದ ನಿವೃತ್ತರಾದರೂ ಶಹಾಪುರದಲ್ಲಿ ಯಾವ ಮಗುವಿನ ಅಕ್ಷರ ಕೆಟ್ಟರೂ ಅದು ನಮ್ಮ ಮನೆ ಹೊಸ್ತಿಲಿಗೇ ಬರುತ್ತದೆ. ಇವರು ಮೊದಲು ಪೆನ್ಸಿಲ್ ಕಸಿದುಕೊಳ್ಳುತ್ತಾರೆ. ಆಮೇಲೆ ಮಗುವನ್ನು ನನ್ನ ಅಡುಗೆಮನೆಗೆ ಅಟ್ಟುತ್ತಾರೆ!

"ಕನ್ನಡ ಅಕ್ಷರ ಎಲ್ಲಾ ದುಂಡು. ಕೈಗಿ ದುಂಡಗ ತಿರುಗೋದು ಬರಲಿಲ್ಲಂದ್ರ ಪೆನ್ಸಿಲ್ ಏನ್ ಮಾಡ್ತದ? ಹೋಗು, ರೊಟ್ಟಿ ಬಡಿ."

ಪಕ್ಕದ ಸಗರ ಹಳ್ಳಿಯ ಒಬ್ಬ ತಾಯಿ ಜಗಳಕ್ಕೇ ಬಂದಳು. "ಮಾಸ್ತರ, ಮಗನ್ನ ಬರಿಯಾಕ ಕಳಿಸಿದ್ರ ನೀವು ಸೊಸಿ ಮಾಡಾಕತ್ತೀರೇನ್ರಿ?"

"ಮಾಡಿದ್ರ ನಿನಗ ಆರಾಮಲ್ಲೇನವ್ವಾ? ಅವನ 'ಠ' ನೋಡು, ಗಾಡಿ ಗಾಲಿ ಗುಂಡ್ಯಾಗ ಬಿದ್ದಂಗದ!"

ಕೆಲವೇ ವಾರಗಳಲ್ಲಿ ಅದೇ ಹುಡುಗ ಪಾಟಿಯ ಮೇಲೆ ಬರೆದ 'ಠ' ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗಿತ್ತು! ನಾನು ಕೈಮುಗಿದುಬಿಟ್ಟೆ.

ಅಂಕ ಕೊಡುವ ಅಭ್ಯಾಸ ಇವರಿಗಿಲ್ಲ. ಸಾಲು ಡೊಂಕಾದರೆ, "ಇದು ಗೋಗಿ ಊರಿಗಿ ಹೋಗೋ ಆಟೋ ಆಗ್ಯದ. ಅರ್ಧ ಮಂದಿ ಹೊರಗ ಜೋತು ಬಿದ್ದಾರ!" ಎಂದು ನಗಿಸುತ್ತಾರೆ. ನಾಪಾಸು ಎಂದು ಯಾರಿಗೂ ಹೇಳಿದ್ದಿಲ್ಲ. "ಇವತ್ತಿಗಿ ಸಾಕು, ನಾಳಿ ಮತ್ತ ಬಾ," ಅಷ್ಟೇ.

ಮಕ್ಕಳಿಗಷ್ಟೇ ಅಲ್ಲ ಈ ಪರೀಕ್ಷೆ. ಸುರಪುರದ ಬೀಗರ ಮನೆಯ ಮದುವೆಯಲ್ಲಿ ಮದುಮಗನ ಹಣೆ ನೋಡಿ, "ನಡುವಿನ ಗೆರಿ ಇಳದದ, ವಿಭೂತಿ ಅಳಿಸಿ ಮತ್ತ ಹಚ್ಕೋ ತಮ್ಮಾ," ಎಂದುಬಿಟ್ಟರು. ಅಕ್ಷತೆ ಹಿಡಿದ ಮಂದಿಯೆಲ್ಲ ಕಾಯಬೇಕಾಯಿತು! ಸುಳ್ಳೇಕೆ ಹೇಳಲಿ, ಮೂರೂ ಗೆರೆ ನೆಟ್ಟಗಾದ ಮೇಲೆ ಹುಡುಗನ ಮುಖಕ್ಕೆ ಕಳೆ ಬಂತು.

ಇಂಥವರು ದವಾಖಾನೆಯಿಂದ ಬಂದ ಮೇಲೆ ಸುಮ್ಮನಾದರು. ಬಲಗೈ ಬೆರಳು ಅಲುಗಾಡುತ್ತಿದ್ದವು, ಪೆನ್ಸಿಲ್ ಮಾತ್ರ ಹಿಡಿತದಲ್ಲಿ ನಿಲ್ಲುತ್ತಿರಲಿಲ್ಲ. ಬಾಗಿಲಿಗೆ ಬಂದ ಮಕ್ಕಳನ್ನು ತಿರುಗಿ ಕಳಿಸಿದರು. "ಬರಿಯಾಕ ಬರದವ ಎಂಥಾ ಮಾಸ್ತರ?"

ಆ ಮಾತು ನನಗೆ ತಡೆಯಲಾಗಲಿಲ್ಲ. ಒಂದು ಮುಂಜಾನೆ ಒಲೆಯ ಮುಂದೆ ಮಣೆ ಹಾಕಿ, ಹಿಟ್ಟಿನ ಉಂಡೆ ಇಟ್ಟೆ.

"ಮಾವಾರ, ಪೆನ್ಸಿಲ್ ಆಮ್ಯಾಲ. ಮೊದಲ ರೊಟ್ಟಿ ಬಡೀರಿ."

ನನ್ನನ್ನೇ ದಿಟ್ಟಿಸಿದರು. ಬೈಯುತ್ತಾರೆಂದುಕೊಂಡೆ. ಮೆಲ್ಲಗೆ ಕುಳಿತು, ಎಡಗೈಯಿಂದ ಬಲಗೈಯನ್ನು ಎತ್ತಿ ಹಿಟ್ಟಿನ ಮೇಲಿಟ್ಟರು. ಒಂದು ಪೆಟ್ಟು. ತಡೆದು, ಇನ್ನೊಂದು. ಅಂಚು ಸೀಳಿತು, ಒಂದು ಕಡೆ ದಪ್ಪ, ಒಂದು ಕಡೆ ತೂತು.

"ಗೋಗಿ ಆಟೋ ಆಗ್ಯದಲ್ಲವ್ವಾ," ಎಂದರು. ಕಣ್ಣು ತುಂಬಿದ್ದವು.

"ಇವತ್ತಿಗಿ ಸಾಕ್ರಿ," ಎಂದೆ. "ನಾಳಿ ಮತ್ತ ಬರ್ರಿ."

ಆ ಸೊಟ್ಟ ರೊಟ್ಟಿಯನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದೆ.