ಸಂಡಿಗೆಯ ಕೆಳಗಿನ ಕಂಪನಿ

ಬಿಸಿಲನ್ನು ಬೈಯುವವರಿಗೆ ಸಂಡಿಗೆ ಇಡಲು ಬರುವುದಿಲ್ಲವೆಂದೇ ನನ್ನ ತಿಳುವಳಿಕೆ. ನಮ್ಮ ಅಫಜಲಪುರದ ಬಿಸಿಲು ಶಿವ ಪುಕ್ಕಟೆ ಕೊಟ್ಟ ಒಲೆ. ಅಂದೂ ಪೂಜೆ ಮುಗಿಸಿ, ಮಾಳಿಗೆಯ ಮೇಲೆ ದೊಡ್ಡ ತಗಡಿನ ಬೋರ್ಡು ಹಾಸಿ, ಅದರ ಮೇಲೆ ಹಳೆಯ ಧೋತರ ಹರವಿ ಸಂಡಿಗೆ ಇಡುತ್ತಿದ್ದೆ. ಬೋರ್ಡಿನಲ್ಲಿ ಭೀಮಾ ನದಿಯ ಚಿತ್ರ, ಅದರ ಕೆಳಗೆ ‘ಭೀಮಾತೀರ ಕಂಪ್ಯೂಟರ್’ ಎಂದಿತ್ತು. ಕಂಪ್ಯೂಟರ್ ನೋಡಲು ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲವದು. ನನ್ನ ಯಜಮಾನರೂ ಮೈದುನ ಶಿವಪುತ್ರನೂ ಸೊಲ್ಲಾಪುರದಿಂದ ಬಿಡಿಭಾಗ ತಂದು ಜೋಡಿಸಿ, ಆ ಹೆಸರು ಅಂಟಿಸಿ ಮಾರುತ್ತಿದ್ದರು. ಅದಕ್ಕೆ ಕರೆಂಟು ಬೇಕೆಂಬುದು ಅಂಗಡಿ ತೆರೆದ ಮೇಲೆ ಹೊಳೆಯಿತು. ನಮ್ಮೂರಲ್ಲಿ ಕರೆಂಟು ಬೀಗರ ಹಾಗೆ ಬಂದುಹೋಗುತ್ತಿತ್ತು. ಅಂಗಡಿ ಮುಚ್ಚಿತು. ತಗಡು ನನಗುಳಿಯಿತು. ಅದೂ ಶಿವನ ಕೃಪೆಯೇ.

ಅಂದು ಸಂಡಿಗೆ ಇಡುತ್ತಿರುವಾಗಲೇ ಕೆಳಗಿನಿಂದ ಸುದ್ದಿ ಬಂತು: ಜೇವರ್ಗಿಯ ವ್ಯಾಪಾರಿಯೊಬ್ಬರು ಅದೇ ಹೆಸರಲ್ಲಿ ಅಂಗಡಿ ಇಡುತ್ತಾರಂತೆ, ಅದಕ್ಕೆ ಯಾರ ಒಪ್ಪಿಗೆ ಬೇಕು ಅಂತ ಕೇಳಿ ಕಳಿಸಿದ್ದಾರಂತೆ. ಸತ್ತ ಕಂಪನಿಗೆ ಇಬ್ಬರು ವಾರಸುದಾರರು ಎದ್ದುನಿಂತರು.

“ಹೆಸರು ಇಟ್ಟಾವ ನಾನು” ಎಂದರು ಇವರು.

“ನದಿ ಚಿತ್ರ ತಗದಾವ ನಾನು. ನದಿ ಇಲ್ದ ಎಲ್ಲೀ ತೀರ, ಅಣ್ಣ?” ಎಂದ ಮೈದುನ.

“ಅದು ನದಿ ಅಲ್ಲಲೇ, ಎಮ್ಮಿ ಕಟ್ಟೋ ಹಗ್ಗ ಇದ್ದಂಗ ಅದ!”

ಅಷ್ಟಕ್ಕೇ ಶಿವಪುತ್ರ ಮನೆಯ ಊಟ ಬಿಟ್ಟು ಖಾನಾವಳಿ ಹಿಡಿದ. ಹೆಸರು ಯಾರಿಗಾದರೂ ಹೋಗಲಿ, ಹುಡುಗ ಪಂಕ್ತಿಗೆ ಮರಳಲಿ ಎಂದು ನಾನು ದಿನಾ ಶಿವನನ್ನು ಬೇಡಿಕೊಂಡೆ.

ಕೊನೆಗೆ ನ್ಯಾಯ ಹೇಳಲು ಗೊಬ್ಬೂರದಿಂದ ಇವರ ಸೋದರಮಾವ ಬಂದರು, ಜೇವರ್ಗಿಯವರೂ ಬಂದರು. ಮಾವ ಹೊಲದ ಜಗಳ ಬಿಡಿಸಿ ಬಿಡಿಸಿ ಹಣ್ಣಾದವರು.

“ಎಷ್ಟು ಎಕರೆ ಅದನೋ ಅದು?”

“ನೆಲ ಅಲ್ರಿ ಮಾವ, ಬರೇ ಹೆಸರು.”

“ಮತ್ತ ಬದು ಎಲ್ಲಿ ಹಾಕ್ತೀರಿ? ಹೆಸರು ಎಲ್ಲದ, ತೋರಸ್ರಿ ಮೊದಲ.”

ಎಲ್ಲರೂ ಮಾಳಿಗೆ ಹತ್ತಿದೆವು. ಮಾವ ಧೋತರದ ಅಂಚೆತ್ತಿ ಬೋರ್ಡು ಓದಿದರು. ಅಂದು ಬೆಳಿಗ್ಗೆ ಇಟ್ಟಿದ್ದ, ಅರೆ ಒಣಗಿದ ಸಂಡಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ಕೇಳಿದರು: “ಅಂಗಡಿ ಮುಚ್ಚಿದ ಮ್ಯಾಲ ಇದರಾಗ ಸಾಗುವಳಿ ಯಾರದು?”

ಅಣ್ಣತಮ್ಮ ಇಬ್ಬರೂ ನನ್ನ ಮುಖ ನೋಡಿದರು.

“ನಂದೇರಿ. ಪ್ರತಿ ಬ್ಯಾಸಗಿ ಬೆಳಿ ತಗೀತೇನಿ.”

“ಹಂಗಾರ ಕಬ್ಜಾ ಈಕೀದು, ಕಂಪನೀನೂ ಈಕೀದು. ಮುಗೀತು!”

ಸ್ವಿಚ್ಚು ಒತ್ತಲೂ ಶಿವನಾಮ ನೆನೆಯುವ ನಾನು ಕಂಪ್ಯೂಟರ್ ಕಂಪನಿಯ ಒಡತಿಯಾದೆ! ಕೂಡಲೇ ಹುಕುಂ ಹೊರಡಿಸಿದೆ: “ಇಬ್ಬರೂ ಕೂಡಿ ಉಂಡ್ರ ಹೆಸರು ಜೇವರ್ಗಿಗೆ. ಇಲ್ಲಾಂದ್ರ ಇಲ್ಲ.”

“ವೈನಿ, ಆ ಖಾನಾವಳಿ ರೊಟ್ಟಿಗಿಂತ ಈ ತಗಡೇ ಮೆತ್ತಗ ಅದರಿ” ಎನ್ನುತ್ತ ಶಿವಪುತ್ರ ಇಳಿದುಬಂದು ಅಣ್ಣನ ಪಕ್ಕದಲ್ಲೇ ಊಟಕ್ಕೆ ಕುಳಿತ. ಶಿವಾ, ಇನ್ನೇನು ಬೇಕು?

ಉಂಡೆದ್ದ ಜೇವರ್ಗಿಯವರು ಮೆಲ್ಲಗೆ, “ಅಕ್ಕಾರ, ಹೆಸರಿನ ಕೂಡ ಆ ಬೋರ್ಡೂ…” ಎಂದರು.

“ಹೆಸರು ಒಯ್ರಿ, ನದಿ ಒಯ್ರಿ. ತಗಡಿನ ಸುದ್ದಿ ತಗೀಬ್ಯಾಡ್ರಿ” ಎಂದೆ. ಆಸೆ ಬಿಟ್ಟವಳೆಂದು ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದದ್ದು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಮೇಲೆ ಕಾ ಕಾ ಎಂದು ಕೇಳಿಸಿತು. ನನ್ನ ಕಂಪನಿಗೆ ಕಾಗೆಗಳು ಕಬ್ಜಾ ಹಾಕುತ್ತಿದ್ದವು. ಸೆರಗು ಬಿಗಿದು, ಕೋಲು ಹಿಡಿದು ಮಾಳಿಗೆ ಹತ್ತಿದೆ. ಸಂಡಿಗೆ ತಿರುವಿ ಹಾಕುವುದು ಇನ್ನೂ ಬಾಕಿ ಇತ್ತು.